ಸ್ಕೆಚ್ ಪೆನ್ನು ಯಾರ ಕೈಯಲ್ಲಿತ್ತು?

‘ಗುಂಪು ಚಟುವಟಿಕೆ ಚೆನ್ನಾಗಿ ನಡೆಯಿತು’ ಎಂದು ಅವಲೋಕನ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲದ ಬೋಧನಾಭ್ಯಾಸದಲ್ಲಿಯೂ ಬರೆದೆ. ಬರೆದದ್ದು ತಪ್ಪೆಂದು ಈಗ ಅನಿಸುತ್ತಿದೆ.

ಡೋಣಿ ಭಾಗದ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ, ಸಮಾಜ ವಿಜ್ಞಾನ. ವಿಷಯ ಕಪ್ಪತಗುಡ್ಡ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಣೆಯಾಗಿ, 2016ರಲ್ಲಿ ಆ ಘೋಷಣೆ ರದ್ದಾಗಿ, ಹೋರಾಟದ ನಂತರ 2017ರಲ್ಲಿ ಮರಳಿ ಬಂದು, 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡವದು. ಪ್ರಶಿಕ್ಷಣಾರ್ಥಿ ಕೊಟ್ಟ ಪ್ರಶ್ನೆ ಚೆನ್ನಾಗಿತ್ತು: ಗುಡ್ಡದಲ್ಲಿ ದನ, ಆಡು, ಕುರಿ ಮೇಯಿಸಲು ಬಿಡಬೇಕೇ, ಬೇಡವೇ? ಆರಾರು ಮಕ್ಕಳ ಗುಂಪು, ಹದಿನೈದು ನಿಮಿಷ, ಗುಂಪಿಗೊಂದು ಚಾರ್ಟು, ಒಂದು ಸ್ಕೆಚ್ ಪೆನ್ನು. ಹೆಚ್ಚು ಅಂಕ ತೆಗೆಯುವವರನ್ನೇ ಆರಿಸಿ ನಾಯಕರನ್ನಾಗಿ ಮಾಡಲಾಯಿತು.

ನನ್ನ ಪಕ್ಕದ ಗುಂಪಿನ ನಾಯಕ ಎರಡೇ ನಿಮಿಷಕ್ಕೆ ‘ನಿಷೇಧಿಸಬೇಕು’ ಎಂದು ಬರೆದ. ತಾಂಡಾದ ಹುಡುಗಿಯೊಬ್ಬಳು ಮೆಲ್ಲಗೆ, “ಹಂಗಾದ್ರ ನಮ್ಮ ಆಡು ಎಲ್ಲಿಗೆ ಹೊಡಕೊಂಡು ಹೋಗೋದು?” ಎಂದಳು. “ಗುಡ್ಡ ಉಳಸಬೇಕಂತ ಸರ್ ಹೇಳ್ಯಾರಲ್ಲ. ನೀ ಬಾರ್ಡರಿಗೆ ಬಣ್ಣ ತುಂಬು” ಎಂದ ಅವನು. ಅವಳು ಬಣ್ಣ ತುಂಬಿದಳು. ಆ ಗುಂಪಿನಲ್ಲಿ ದಿನವೂ ಗುಡ್ಡ ಹತ್ತುವ ಮನೆಯವಳು ಅವಳೊಬ್ಬಳೇ. ಚಾರ್ಟು ಅಂದವಾಗಿತ್ತು, ಚಪ್ಪಾಳೆ ಬಿತ್ತು, ನಾನೂ ಒಳ್ಳೆಯ ಅಂಕ ಕೊಟ್ಟೆ.

ಅವಳ ಮಾತೇ ಸರಿ, ಹುಡುಗನದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಅವಳ ಪ್ರಶ್ನೆಗೆ ಉತ್ತರ ಕೊಡದೆಯೇ ತೀರ್ಮಾನವಾಯಿತು. ಹುಡುಗನನ್ನು ದೂರಿಯೂ ಪ್ರಯೋಜನವಿಲ್ಲ. ನಾಯಕನೆಂಬ ಹೆಸರು, ಪೆನ್ನು, ‘ಸರಿ ಉತ್ತರ’ದ ಸುಳಿವು, ಮೂರನ್ನೂ ಅವನ ಕೈಗೆ ಕೊಟ್ಟವರು ನಾವು. ಲೆವಿನ್, ಲಿಪಿಟ್ ಮತ್ತು ವೈಟ್ 1939ರಲ್ಲಿ ಪ್ರಕಟಿಸಿದ ನಾಯಕತ್ವದ ಅಧ್ಯಯನವನ್ನು ನಾವೇ ಪಾಠ ಮಾಡುತ್ತೇವೆ. ನಿರಂಕುಶ, ಪ್ರಜಾಸತ್ತಾತ್ಮಕ ಎಂಬ ಪದಗಳನ್ನು ಪರೀಕ್ಷೆಗೆ ಬರೆಸುತ್ತೇವೆ. ಶಿಕ್ಷಕರು ನಿರಂಕುಶರಾಗಬಾರದು ಎನ್ನುತ್ತಲೇ ಗುಂಪಿಗೊಬ್ಬ ಪುಟ್ಟ ನಿರಂಕುಶನನ್ನು ಕೂರಿಸಿ ಬರುತ್ತೇವೆ.

ನಲವತ್ತು ನಿಮಿಷದ ಅವಧಿಯಲ್ಲಿ ನಾಯಕನಿಲ್ಲದಿದ್ದರೆ ತರಗತಿ ಸಂತೆಯಾಗುತ್ತದೆ ಎಂದು ಪ್ರಶಿಕ್ಷಣಾರ್ಥಿಗಳು ಹೇಳುತ್ತಾರೆ. ನಿಜವೇ. ನಾಯಕ ಇರಲಿ, ಆದರೆ ಅವನ ಕೆಲಸ ಎಲ್ಲರನ್ನೂ ಕೇಳುವುದಾಗಲಿ, ಎಲ್ಲರ ಪರವಾಗಿ ಹೇಳುವುದಲ್ಲ. ಮೊದಲ ಎರಡು ನಿಮಿಷ ಪ್ರತಿ ಮಗುವೂ ತನ್ನ ಅಭಿಪ್ರಾಯವನ್ನು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ಪೆನ್ನು ನಾಯಕನ ಕೈಯಲ್ಲಿರದೆ ಬೇರೆಯವರ ಬಳಿ ಇರಲಿ. ಒಪ್ಪದವರ ಮಾತಿಗೆಂದು ಚಾರ್ಟಿನಲ್ಲಿ ಒಂದು ಮೂಲೆ ಖಾಲಿ ಬಿಡಲಿ. ಮುಂದಿನ ಪಾಠಕ್ಕೆ ನಾಯಕತ್ವ ಇನ್ನೊಬ್ಬರಿಗೆ ಹೋಗಲಿ. ಗದ್ದಲ ಹೆಚ್ಚಾಗಬಹುದು, ಚಾರ್ಟು ಅರ್ಧಕ್ಕೇ ನಿಲ್ಲಬಹುದು. ಅದಕ್ಕೆ ಅಂಕ ಕಳೆಯದಿರುವ ಹೊಣೆ ಮಾರ್ಗದರ್ಶಕರಾದ ನಮ್ಮದು. ಚಾರ್ಟಿನ ಅಂದಕ್ಕೇ ಅಂಕ ಕೊಡುತ್ತಾ ಹೋದರೆ ಪ್ರಶಿಕ್ಷಣಾರ್ಥಿಗಳು ಅಂದದ ಚಾರ್ಟನ್ನೇ ಮಾಡಿಸುತ್ತಾರೆ.

ಕಪ್ಪತಗುಡ್ಡದ ವಿಚಾರದಲ್ಲಿ ಮೇಲಿನವರು ಕೈಗೊಂಡ ತೀರ್ಮಾನ ಬದಲಾದದ್ದು ಜನ ಸುಮ್ಮನೆ ಕೂರದೆ ಮಾತಾಡಿದ್ದರಿಂದ. ಆ ಪಾಠವನ್ನೇ ನಾವು ಒಬ್ಬ ಹುಡುಗಿಯನ್ನು ಸುಮ್ಮನಾಗಿಸಿ ಕಲಿಸಿದೆವು. ನಮ್ಮ ಅವಲೋಕನ ನಮೂನೆಗೆ ಒಂದು ಅಂಕಣ ಸೇರಿಸೋಣ: ‘ಗುಂಪಿನ ತೀರ್ಮಾನ ಹೇಗಾಯಿತು? ಯಾರ ಮಾತು ಬಿಟ್ಟುಹೋಯಿತು?’ ಅದನ್ನು ತುಂಬಬೇಕಾದರೆ ನಾವೂ ಹಿಂದಿನ ಬೆಂಚು ಬಿಟ್ಟು ಎದ್ದು, ಗುಂಪುಗಳ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ.