ಬೇರು, ಅಳತೆ ಮತ್ತು ಶಿಫಾ

ಬೇಲೂರು, ಹಳೇಬೀಡು, ಅರಸೀಕೆರೆಗಳ ನಮ್ಮ ಮೊಹಲ್ಲಾಗಳಲ್ಲಿ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ, ಹೆಸರು ವಿಳಾಸಗಳಿಲ್ಲದ ಪೊಟ್ಟಣದ ಬೇರಿನ ಪುಡಿಯನ್ನು ಸೇವಿಸುವವರನ್ನು ನಾವು ಕಾಣುತ್ತಿದ್ದೇವೆ. ಕೇಳಿದರೆ ಎರಡು ಉತ್ತರಗಳು ದೊರೆಯುತ್ತವೆ. ಮಾತ್ರೆ ಇಂಗ್ಲಿಷ್ ಮದ್ದು, ಬೇರು ನಮ್ಮ ಹಕೀಮರ ಮದ್ದು ಎಂಬುದು ಒಂದು. ಶಿಫಾ ಕೊಡುವವನು ಅಲ್ಲಾಹನೇ ಆಗಿರುವಾಗ ಯಾವುದನ್ನು ನುಂಗಿದರೇನು ಎಂಬುದು ಇನ್ನೊಂದು. ಎರಡನೆಯ ಮಾತಿನ ಪೂರ್ವಾರ್ಧವು ನಮ್ಮ ಈಮಾನಿನ ಭಾಗ; ಉತ್ತರಾರ್ಧವು ಅಲ್ಲ. ಮೊದಲನೆಯದಂತೂ ಹಕೀಮರ ಚರಿತ್ರೆಯನ್ನು ಅರಿಯದವರ ಮಾತು.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನೇ ತೆಗೆದುಕೊಳ್ಳೋಣ. ಯುನಾನಿಯಲ್ಲಿ ಇದಕ್ಕೆ ಅಸ್ರೋಲ್ ಎಂದು ಹೆಸರು. ನಿದ್ರಾಹೀನತೆಗೂ ಮನೋವಿಕಾರಕ್ಕೂ ಇದನ್ನು ಬಹುಕಾಲದಿಂದ ಕೊಡಲಾಗುತ್ತಿತ್ತು. ದೆಹಲಿಯ ಹಕೀಮ್ ಅಜ್ಮಲ್ ಖಾನರು ತಮ್ಮ ತಿಬ್ಬಿಯಾ ಕಾಲೇಜಿನಲ್ಲಿ ಪರಂಪರೆಯ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕೆಂದು ಬಯಸಿದವರು. ಜರ್ಮನಿಯಲ್ಲಿ ಕಲಿತು ಬಂದ ಸಲೀಮುಝ್ಝಮಾನ್ ಸಿದ್ದೀಖಿಯವರು ಆ ಸಂಶೋಧನೆಯನ್ನು ಕೈಗೆತ್ತಿಕೊಂಡರು. 1927ರಲ್ಲಿ ಹಕೀಮರು ತೀರಿಕೊಂಡರು. 1931ರಲ್ಲಿ ಸಿದ್ದೀಖಿಯವರು ಸರ್ಪಗಂಧದಿಂದ ಒಂದು ಶುದ್ಧ ಕ್ಷಾರವನ್ನು ಬೇರ್ಪಡಿಸಿ, ಅವರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಹಕೀಮರ ಬೇರನ್ನು ಪ್ರಯೋಗಶಾಲೆಗೆ ಒಯ್ದವರು ಹಕೀಮರ ಕಡೆಯವರೇ ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ.

ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರೆಸರ್ಪೀನನ್ನು ಬೇರ್ಪಡಿಸಿದರು. ರಕ್ತದೊತ್ತಡವನ್ನು ಇಳಿಸುವ ಗುಣ ಮುಖ್ಯವಾಗಿ ಇದ್ದದ್ದು ಇದರಲ್ಲಿ. ನಮ್ಮ ನರತುದಿಗಳಲ್ಲಿ ಅತಿ ಸೂಕ್ಷ್ಮವಾದ ಸಂಚಿಗಳಿವೆ. ರಕ್ತನಾಳಗಳನ್ನು ಬಿಗಿಯುವಂತೆ ಮಾಡುವ ನಾರ್‌ಅಡ್ರಿನಲಿನ್ ಎಂಬ ದ್ರವ್ಯ ಅವುಗಳಲ್ಲಿ ಸಂಗ್ರಹವಾಗಿರುತ್ತದೆ. ಸಂಚಿಯನ್ನು ತುಂಬುವ ವ್ಯವಸ್ಥೆಯನ್ನೇ ರೆಸರ್ಪೀನ್ ತಡೆಯುತ್ತದೆ. ಸಂಗ್ರಹ ಬರಿದಾಗುತ್ತದೆ, ನಾಳ ಸಡಿಲಗೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಆದರೆ ಅಂತಹ ಸಂಚಿಗಳು ಮೆದುಳಿನಲ್ಲಿಯೂ ಇವೆ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರು ತೀವ್ರ ಖಿನ್ನತೆಗೆ ಒಳಗಾದುದನ್ನು ವೈದ್ಯರು ದಾಖಲಿಸಿದರು. ದಿನವೊಂದಕ್ಕೆ ಬೇಕಾದ ರೆಸರ್ಪೀನ್ ಒಂದು ಮಿಲಿಗ್ರಾಮಿನ ಕಾಲುಭಾಗ ಅಥವಾ ಅದಕ್ಕಿಂತಲೂ ಕಡಿಮೆ. ಒಂದು ಚಮಚ ಪುಡಿಯಲ್ಲಿ ಅದು ಎಷ್ಟಿದೆ? ಗಿಡದ ವಯಸ್ಸು, ಮಣ್ಣು, ಕಿತ್ತ ಕಾಲ ಇವುಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಪೊಟ್ಟಣ ಮಾರುವವನಿಗೆ ಇದು ತಿಳಿದಿರಲು ಸಾಧ್ಯವೇ ಇಲ್ಲ. ನೈಸರ್ಗಿಕವಾದುದಕ್ಕೆ ಅಡ್ಡಪರಿಣಾಮವಿಲ್ಲ ಎಂದು ಆತನು ಹೇಳುವಾಗ ನಮ್ಮವರು ತಲೆದೂಗುತ್ತಾರೆ!

ಹೊಸ ಮದ್ದನ್ನು ರೂಪಿಸುವ ಕೆಲಸವೂ ನಿಸರ್ಗವನ್ನು ತೊರೆದುದಲ್ಲ. ಬ್ರೆಜಿಲ್ ದೇಶದ ಒಂದು ಮಂಡಲಹಾವಿನ ವಿಷಕ್ಕೆ ರಕ್ತದೊತ್ತಡವನ್ನು ಏರಿಸುವ ಒಂದು ಕಿಣ್ವವನ್ನು ತಡೆಯುವ ಶಕ್ತಿಯಿತ್ತು. ಆದರೆ ವಿಷದಲ್ಲಿನ ಆ ಅಂಶ ಬಾಯಿಯ ಮೂಲಕ ಕೊಟ್ಟರೆ ಕೆಲಸಕ್ಕೆ ಬರುತ್ತಿರಲಿಲ್ಲ. ಅಮೆರಿಕದ ಸ್ಕ್ವಿಬ್ ಕಂಪನಿಯ ಕುಷ್‌ಮನ್ ಮತ್ತು ಒಂಡೆಟ್ಟಿ ಎಂಬವರು ಆ ಕಿಣ್ವದ ಆಕಾರವನ್ನು ಕಂಡವರಲ್ಲ. ಅದನ್ನು ಹೋಲುವ ಮತ್ತೊಂದು ಕಿಣ್ವದ ರಚನೆಯಿಂದ, ಇದರ ಗುಳಿಯಲ್ಲಿಯೂ ಒಂದು ಸತುವಿನ ಪರಮಾಣು ಇರಬೇಕೆಂದು ತರ್ಕಿಸಿದರು. ಆ ಸತುವನ್ನು ಹಿಡಿದುಕೊಳ್ಳಲು ಗಂಧಕವುಳ್ಳ ಪುಟ್ಟ ಅಣುವೊಂದನ್ನು, ಬೀಗಕ್ಕೆ ಕೀಲಿ ಮಾಡುವಂತೆ, ಅಳೆದು ರಚಿಸಿದರು. ಅದೇ ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ದೊರೆಯಿತು. ಇಂದಿನ ಎನಲಪ್ರಿಲ್ ಮುಂತಾದವು ಅದರ ಸಂತತಿ.

ಇದನ್ನು ಓದಿದ ಮೇಲೆ ಯುನಾನಿಯನ್ನು ನಾವು ಹಗುರವಾಗಿ ಕಾಣುತ್ತೇವೆಂದು ಯಾರೂ ಭಾವಿಸಬಾರದು. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ; ಅಲ್ಲಿ ಕಲಿತ ಹಕೀಮರು ಬೇರೆ, ರಸ್ತೆಬದಿಯ ಮಾರಾಟಗಾರರು ಬೇರೆ. ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ತಮ್ಮ ಅಲ್‌ಕಾನೂನ್ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ವೈದ್ಯವನ್ನು ಅರಿಯದೆ ಚಿಕಿತ್ಸೆ ನೀಡುವವನು ಅದರಿಂದಾದ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಫುಕಹಾಗಳು ಇದನ್ನೇ ಆಧರಿಸಿ ಅಂತಹವನ ಮೇಲೆ ಪರಿಹಾರದ ಹೊಣೆ ಹೊರಿಸಿದ್ದಾರೆ. ಚಿಕಿತ್ಸೆ ಪಡೆಯಿರಿ ಎಂಬ ಆಜ್ಞೆಯೂ ಅವರದೇ. ತವಕ್ಕುಲ್ ಎಂದರೆ ಕಾರಣಗಳನ್ನು ಕೈಬಿಡುವುದಲ್ಲ. ಸೃಷ್ಟಿಯಲ್ಲಿ ಅಳತೆಯಿದೆ ಎಂಬುದು ಕುರ್‌ಆನ್ ಮತ್ತೆ ಮತ್ತೆ ನೆನಪಿಸುವ ವಿಷಯ. ಆ ಅಳತೆಯನ್ನು ಅರಸಿ ತಿಳಿದವರು ಬರೆದುಕೊಟ್ಟ ಚೀಟಿಯನ್ನು ಕಡೆಗಣಿಸಿ ಶಿಫಾಗಾಗಿ ದುಆ ಮಾಡುವುದು ಎಂತಹ ತವಕ್ಕುಲ್?

ರಮಝಾನಿನಲ್ಲಿ ಈ ಗೊಂದಲ ಇನ್ನೂ ಹೆಚ್ಚುತ್ತದೆ. ಉಪವಾಸವೆಂದು ತಿಂಗಳಿಡೀ ಮಾತ್ರೆ ಬಿಡುವವರಿದ್ದಾರೆ. ರಕ್ತದೊತ್ತಡ ನೋವು ಕೊಡದ ಕಾಯಿಲೆಯಾದುದರಿಂದ, ಬಿಟ್ಟರೂ ಏನೂ ಆಗಲಿಲ್ಲವೆಂದು ಅವರಿಗೆ ತೋರುತ್ತದೆ. ಬಹಳ ಜನರು ಸೇವಿಸುವ ಅಮ್ಲೋಡಿಪಿನ್ ರಕ್ತನಾಳದ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ನುಗ್ಗುವ ದಾರಿಯನ್ನು ತಡೆದು ನಾಳವನ್ನು ಸಡಿಲಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ದಿನಕ್ಕೊಮ್ಮೆ ಸಾಕಾಗುವುದು ಇದರಿಂದಲೇ. ಇಫ್ತಾರಿನ ಬಳಿಕ ಅದನ್ನು ಸೇವಿಸುವವರಿಗೆ ಹಗಲಿನ ಉಪವಾಸ ಅಡ್ಡಿಯಾಗದು. ಎಲ್ಲ ಮಾತ್ರೆಗಳೂ ಹೀಗಿಲ್ಲ. ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಇನ್ಸುಲಿನ್ ಇವುಗಳ ಸಮಯ ಮತ್ತು ಪ್ರಮಾಣವನ್ನು ವೈದ್ಯರೇ ಹೊಂದಿಸಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿಯೂ ಇದೆ.

ಆದುದರಿಂದ ಶಅಬಾನ್ ತಿಂಗಳಲ್ಲಿಯೇ, ಒಂದು ಜುಮಾ ನಮಾಝಿನ ಬಳಿಕ, ನಮ್ಮ ಜಮಾಅತ್‌ಗಳು ಸಮೀಪದ ಸರಕಾರಿ ಆಸ್ಪತ್ರೆಯ ವೈದ್ಯರೊಬ್ಬರನ್ನು ಮಸೀದಿಯ ಅಂಗಳಕ್ಕೆ ಕರೆಯಲಿ ಎಂಬುದು ನಮ್ಮ ಅಭಿಪ್ರಾಯ. ಹಿರಿಯರು ತಮ್ಮ ಮಾತ್ರೆಗಳ ಚೀಟಿಯನ್ನು ತರಲಿ. ಮನೆಯಲ್ಲಿ ಬೇರಿನ ಪುಡಿಯಿದ್ದರೆ ಅದರ ಪೊಟ್ಟಣವನ್ನೂ ತರಲಿ.