ವಿಜ್ಞಾನ ಚಲನಚಿತ್ರಗಳಲ್ಲಿ ದೇವರ ಪರಿಪಾಲನೆ: ಸಗರನಾಡನ್ನು ಮುಂದಿಟ್ಟುಕೊಂಡು ಒಂದು ಅವಲೋಕನ

ವೈಜ್ಞಾನಿಕ ಕಲ್ಪನೆಯ ಚಲನಚಿತ್ರಗಳು ಇಂದು ನಮ್ಮ ಧರ್ಮಕೇಂದ್ರಗಳ ಯುವಜನರ ಮಾತುಕತೆಯಲ್ಲಿ ದೊಡ್ಡ ಸ್ಥಾನ ಪಡೆದಿವೆ. 2024ರ ಜೂನ್‌ನಲ್ಲಿ ತೆರೆಕಂಡ 'ಕಲ್ಕಿ 2898 ಎಡಿ' ಕನ್ನಡದಲ್ಲೂ ಬಂತು. ಗಂಗೆ ಬತ್ತಿಹೋದ ಕಾಶಿ, ನೀರು-ಹಸಿರನ್ನೆಲ್ಲ ತನ್ನೊಳಗೆ ಇಟ್ಟುಕೊಂಡ 'ಕಾಂಪ್ಲೆಕ್ಸ್', ಹುಟ್ಟಲಿರುವ ರಕ್ಷಕನಿಗಾಗಿ ಕಾಯುವ ಬಡಜನ: ಇದು ಅದರ ಕಥಾವಸ್ತು. ಯಂತ್ರಗಳು, ಆಕಾಶನೌಕೆಗಳು ಎಷ್ಟೇ ಹೊಸದಾಗಿರಲಿ, ಇಂತಹ ಚಿತ್ರಗಳು ಕೇಳುವ ಪ್ರಶ್ನೆ ಮಾತ್ರ ಬಹಳ ಹಳೆಯದು. ಈ ಲೋಕವನ್ನು ಯಾರಾದರೂ ನಡೆಸುತ್ತಿದ್ದಾರೆಯೇ? ನಡೆಸುತ್ತಿದ್ದರೆ ಹೇಗೆ?

ಇದು ಚಿತ್ರಮಂದಿರದಲ್ಲೇ ಮುಗಿದುಹೋಗುವ ಪ್ರಶ್ನೆಯಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಜನ ಸಗರನಾಡು ಎನ್ನುತ್ತಾರೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ ನಾಡು ಅದು. 2019ರಲ್ಲಿ ಕೃಷ್ಣಾ ನದಿಯ ಪ್ರವಾಹ ಅಲ್ಲಿನ ನದಿತೀರದ ಹಳ್ಳಿಗಳನ್ನು ಕಾಡಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಲ್ಲಿಂದ ಕುಟುಂಬಗಳು ದುಡಿಮೆಗಾಗಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುತ್ತವೆ. ನಮ್ಮ ಮಂಗಳೂರು, ಉಡುಪಿಯ ಕಟ್ಟಡ ಕಾಮಗಾರಿಗಳಲ್ಲೂ ಉತ್ತರ ಕರ್ನಾಟಕದ ಕೂಲಿ ಕಾರ್ಮಿಕರು ಬಹಳ ಮಂದಿ ಇದ್ದಾರೆ. ಹೊಲ ಒಣಗಿ ಊರು ಬಿಟ್ಟು ಬಂದ ತಾಯಿಯೊಬ್ಬಳಿಗೆ 'ಎಲ್ಲಾ ದೇವರ ಚಿತ್ತ' ಎಂದು ಹೇಳುವುದು ನಮಗೆ ಸುಲಭ. ಆ ಮಾತಿನಲ್ಲಿ ನಾವು ಯಾವ ದೇವರನ್ನು ತೋರಿಸುತ್ತೇವೆ ಎಂಬುದನ್ನು ಪರಾಮರ್ಶಿಸಬೇಕಾಗಿದೆ.

ಸೃಷ್ಟಿಸಿದ ದೇವರು ಸೃಷ್ಟಿಯನ್ನು ಕೈಬಿಡದೆ ಅದನ್ನು ಅದರ ಪೂರ್ಣತೆಯತ್ತ ನಡೆಸುತ್ತಾರೆ ಎಂಬುದೇ ದೇವರ ಪರಿಪಾಲನೆಯ ಕುರಿತ ಧರ್ಮಸಭೆಯ ಬೋಧನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಇದಕ್ಕೆ ಇನ್ನೊಂದು ಮುಖ್ಯ ಮಾತನ್ನು ಸೇರಿಸುತ್ತದೆ. ದೇವರು ಈ ಕಾರ್ಯದಲ್ಲಿ ಮನುಷ್ಯರ ಸಹಕಾರವನ್ನು ಬಳಸಿಕೊಳ್ಳುತ್ತಾರೆ. ಅದು ದೇವರ ದುರ್ಬಲತೆಯ ಗುರುತಲ್ಲ, ಅವರ ಹಿರಿಮೆ ಮತ್ತು ಒಳ್ಳೆಯತನದ ಗುರುತು (306ರಿಂದ 308). ಈ ಅಳತೆಗೋಲಿನಿಂದ ಕೆಲವು ಪ್ರಸಿದ್ಧ ಚಿತ್ರಗಳನ್ನು ನೋಡೋಣ.

2002ರ 'ಸೈನ್ಸ್' ಚಿತ್ರದಲ್ಲಿ, ಹೆಂಡತಿಯನ್ನು ಅಪಘಾತದಲ್ಲಿ ಕಳೆದುಕೊಂಡ ಧರ್ಮಗುರುವೊಬ್ಬನು (ಆತ ಕಥೋಲಿಕನಲ್ಲ) ವಿಶ್ವಾಸವನ್ನೂ ಸೇವೆಯನ್ನೂ ತೊರೆದಿರುತ್ತಾನೆ. ಅನ್ಯಗ್ರಹದವರು ದಾಳಿಯಿಟ್ಟಾಗ ಹೆಂಡತಿಯ ಕೊನೆಯ ಮಾತು, ಮಗಳು ಮನೆಯ ತುಂಬ ಇಟ್ಟ ನೀರಿನ ಲೋಟಗಳು, ಮಗನ ಅಸ್ತಮಾ ಎಲ್ಲವೂ ಸೇರಿ ಕುಟುಂಬವನ್ನು ಉಳಿಸುತ್ತವೆ. ಯಾವುದೂ ಆಕಸ್ಮಿಕವಲ್ಲ ಎಂದು ಅರಿತ ಆತ ಮತ್ತೆ ತನ್ನ ಸೇವೆಗೆ ಮರಳುತ್ತಾನೆ. ಚಿತ್ರ ಹೃದಯಸ್ಪರ್ಶಿಯೇ ಸರಿ. ಆದರೆ ಅದೇ ರಾತ್ರಿ ಬೇರೆ ಮನೆಗಳಲ್ಲಿ ಸತ್ತವರನ್ನು ದೇವರು ಮರೆತರೇ? ಸಿಲೋವದ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು (ಲೂಕ 13:4-5). ನಮ್ಮ ಮನೆ ಉಳಿದದ್ದನ್ನೇ ಪರಿಪಾಲನೆಯ ಸಾಕ್ಷಿ ಎಂದರೆ, ಮನೆ ಕಳೆದುಕೊಂಡವರಿಗೆ ಹೇಳಲು ನಮ್ಮಲ್ಲಿ ಮಾತೇ ಉಳಿಯುವುದಿಲ್ಲ.

2014ರ 'ಇಂಟರ್‌ಸ್ಟೆಲ್ಲರ್' ಚಿತ್ರದ ಆರಂಭವನ್ನು ಸಗರನಾಡಿನ ರೈತರು ನೋಡಿದರೆ ತಕ್ಷಣ ಗುರುತಿಸಿಯಾರು: ಧೂಳಿನ ಬಿರುಗಾಳಿ, ಒಂದೊಂದಾಗಿ ನಾಶವಾಗುವ ಬೆಳೆಗಳು. ಶನಿಗ್ರಹದ ಬಳಿ ಯಾರೋ ತೆರೆದಿಟ್ಟ ದಾರಿಯೊಂದು ಮನುಕುಲಕ್ಕೆ ಬದುಕುವ ಅವಕಾಶ ಕೊಡುತ್ತದೆ. ಅದನ್ನು ತೆರೆದವರು ಭವಿಷ್ಯದ ಮನುಷ್ಯರೇ ಎಂಬ ನಿಲುವಿಗೆ ನಾಯಕ ಕೊನೆಗೆ ಬರುತ್ತಾನೆ. ಅಂದರೆ ಪರಿಪಾಲನೆ ಉಂಟು, ಪರಿಪಾಲಕನ ಜಾಗದಲ್ಲಿ ಮನುಷ್ಯನೇ ನಿಂತಿದ್ದಾನೆ. ತನಗೆ ಯಾರೂ ದಿಕ್ಕಿಲ್ಲ ಎಂದು ನಂಬಿದ ಕಾಲದ ಮನುಷ್ಯನಿಗೂ ಆರೈಕೆಯ ಕೈಯೊಂದು ಬೇಕೇ ಬೇಕು ಎಂಬುದನ್ನು ಈ ಚಿತ್ರ ತೋರಿಸುತ್ತದೆ.

ಮೂರನೆಯದು ಮೊದಲೇ ಬರೆದಿಟ್ಟ ಭವಿಷ್ಯದ ಕಥೆ. 2002ರ 'ಮೈನಾರಿಟಿ ರಿಪೋರ್ಟ್' ಚಿತ್ರದಲ್ಲಿ ಕೊಲೆಗಳನ್ನು ಮುಂಚಿತವಾಗಿ ಕಾಣುವ ಮೂವರಿದ್ದಾರೆ. ತಾನೇ ಒಬ್ಬನನ್ನು ಕೊಲ್ಲಲಿದ್ದೇನೆ ಎಂದು ತಿಳಿದ ಪೊಲೀಸ್ ಅಧಿಕಾರಿ ಆ ಗಳಿಗೆ ಬಂದಾಗ ಗುಂಡು ಹಾರಿಸದೆ, ಆತನನ್ನು ಬಂಧಿಸಲು ನಿರ್ಧರಿಸುತ್ತಾನೆ.

ಭವಿಷ್ಯ ಕಾಣುವ ಆಸೆ ಸಗರನಾಡಿಗೆ ಹೊಸತೇನಲ್ಲ. ಕಾಲಜ್ಞಾನಕ್ಕೆ ಹೆಸರಾದ ಕೊಡೇಕಲ್ ಬಸವಣ್ಣನವರ ಊರು ಅಲ್ಲಿಯೇ ಇದೆ. ಸುರಪುರದ ಇತಿಹಾಸದಲ್ಲಂತೂ ಇದಕ್ಕೆ ದುಃಖದ ಉದಾಹರಣೆಯೊಂದಿದೆ. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಸಂಸ್ಥಾನದ ಮೇಲ್ವಿಚಾರಣೆ ನೋಡಿಕೊಂಡ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1877ರಲ್ಲಿ ಪ್ರಕಟವಾದ ಆತನ ಆತ್ಮಕಥೆಯ ಪ್ರಕಾರ, ರಾಜರು 24ನೇ ವಯಸ್ಸನ್ನು ದಾಟಲಾರರು ಎಂದು ಅವರ ಜಾತಕ ಹೇಳಿತ್ತು. 1858ರಲ್ಲಿ ಅವರು ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದರು. ಮರಣದಂಡನೆ ತಪ್ಪಿ ಸೆರೆವಾಸಕ್ಕೆ ಇಳಿದ ಮೇಲೂ, ಸೆರೆಮನೆಯ ದಾರಿಯಲ್ಲಿ ಗುಂಡೇಟಿನಿಂದ ಸತ್ತರು. ಜಾತಕ ನಿಜವಾಯಿತು ಎಂದು ಕಥೆ ಮುಗಿಸಬಹುದು. ಹಾಗೆ ಮುಗಿಸಿದರೆ ಕಂಪೆನಿ ಸರಕಾರದ ಒತ್ತಡ, ನ್ಯಾಯಾಲಯದ ತೀರ್ಪು, ತಲೆಬಾಗಲೊಲ್ಲದ ಯುವಕನ ಸ್ವಂತ ನಿರ್ಧಾರ ಎಲ್ಲವೂ ಮರೆಯಾಗುತ್ತವೆ. ವಿಧಿಯ ಮೇಲೆ ಭಾರ ಹಾಕಿದಾಗ ಮನುಷ್ಯರು ಮಾಡಿದ್ದಕ್ಕೆ ಲೆಕ್ಕ ಕೊಡುವವರೇ ಇರುವುದಿಲ್ಲ. ಭವಿಷ್ಯದ ಬಗ್ಗೆ ಅತಿ ಕುತೂಹಲ ಬಿಟ್ಟು ದೇವರ ಪರಿಪಾಲನೆಗೆ ನಮ್ಮನ್ನು ಒಪ್ಪಿಸಿಕೊಳ್ಳಬೇಕೆಂದು ಧರ್ಮೋಪದೇಶ ಗ್ರಂಥ ಹೇಳುವುದು (2115) ಈ ಕಾರಣಕ್ಕೂ ಹೌದು.

ಹಾಗಾದರೆ ಪವಿತ್ರ ಬೈಬಲಿನಲ್ಲಿ ಭವಿಷ್ಯವಾಣಿ ಇಲ್ಲವೇ? ಖಂಡಿತ ಇದೆ. ಈಜಿಪ್ಟಿನಲ್ಲಿ ಜೋಸೆಫನು ಫರೋಹನ ಕನಸನ್ನು ಬಿಡಿಸಿ, ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಎಂದು ತಿಳಿಸಿದನು (ಆದಿಕಾಂಡ 41). ಅದನ್ನು ಕೇಳಿ ಯಾರೂ ಕೈಕಟ್ಟಿ ಕೂರಲಿಲ್ಲ. ಊರೂರಿನಲ್ಲಿ ಕಣಜ ತುಂಬಿಸಿದರು, ಬರ ಬಂದಾಗ ಅದನ್ನು ತೆರೆದರು. ಜಾತಕದ ಮಾತು ಬದುಕಿಗೆ ಬಾಗಿಲು ಹಾಕಿತು. ದೇವರ ಮಾತು ಜನರನ್ನು ಕೆಲಸಕ್ಕೆ ಎಬ್ಬಿಸಿತು.

ಈ ದೃಷ್ಟಿಯಿಂದ, ದೇವರ ಬಗ್ಗೆ ಹೆಚ್ಚೇನೂ ಮಾತಾಡದ 2015ರ 'ದಿ ಮಾರ್ಷಿಯನ್' ನಮಗೆ ಹತ್ತಿರವೆನಿಸುತ್ತದೆ. ಮಂಗಳಗ್ರಹದಲ್ಲಿ ಒಬ್ಬಂಟಿಯಾದ ಗಗನಯಾತ್ರಿ ಆಲೂಗಡ್ಡೆ ಬೆಳೆಯಲು ನೀರು ತಯಾರಿಸಬೇಕು, ಅದಕ್ಕೆ ಬೆಂಕಿ ಬೇಕು. ಸಿಗುವುದು ಸಂಗಾತಿಯೊಬ್ಬ ಬಿಟ್ಟುಹೋದ ಮರದ ಶಿಲುಬೆ ಮಾತ್ರ. ಅದರ ಚೂರುಗಳನ್ನು ಉರಿಸಿ ಆತ ನೀರು ಪಡೆಯುತ್ತಾನೆ. ಆತನನ್ನು ಮರಳಿ ತರಲು ಸಂಗಾತಿಗಳು ಜೀವ ಪಣಕ್ಕಿಡುತ್ತಾರೆ, ಅಮೆರಿಕದ ಜೊತೆಗೆ ಚೀನಾ ಕೂಡ ನೆರವಾಗುತ್ತದೆ. ಅಲ್ಲಿ ಪವಾಡದ ಬೆಳಕಿಲ್ಲ. ಒಬ್ಬನ ಜೀವಕ್ಕಾಗಿ ಸಾವಿರಾರು ಕೈಗಳು ಸೇರುತ್ತವೆ.

ಅಂತಹ ವಿಜ್ಞಾನ ಇಂದು ಸಗರನಾಡಿನಲ್ಲೂ ಇದೆ. 2023ರ ಜನವರಿ 19ರಂದು, ಅದೇ ಕೊಡೇಕಲ್‌ನಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು ಪ್ರಧಾನಿ ಉದ್ಘಾಟಿಸಿದರು. ಕಾಲುವೆಯ ಗೇಟುಗಳನ್ನು ಕಂಪ್ಯೂಟರ್ ಮೂಲಕ ನಿಯಂತ್ರಿಸುವ ವ್ಯವಸ್ಥೆ ಅದರಲ್ಲಿದೆ. ಸರಕಾರದ ಲೆಕ್ಕದಂತೆ 4.5 ಲಕ್ಷ ಹೆಕ್ಟೇರ್ ಭೂಮಿಗೆ ಅದು ನೀರುಣಿಸಬೇಕು. ಆದರೆ ಯಂತ್ರ ನೀರನ್ನು ಅಳೆಯುತ್ತದೆಯೇ ಹೊರತು, ಕಾಲುವೆಯ ಕೊನೆಯ ಹೊಲದವನಿಗೂ ಪಾಲು ಸಿಗಲಿ ಎಂದು ನಿರ್ಧರಿಸುವವರು ಮನುಷ್ಯರೇ. 'ಕಲ್ಕಿ'ಯ ಕಾಂಪ್ಲೆಕ್ಸ್‌ನಲ್ಲೂ ನೀರು ಇತ್ತು, ಹಂಚುವ ಮನಸ್ಸು ಇರಲಿಲ್ಲ.

ಆಕಾಶದ ಪಕ್ಷಿಗಳನ್ನು ನೋಡಿರಿ ಎಂದ ಯೇಸುಸ್ವಾಮಿಯೇ, ಹಸಿದಿದ್ದಾಗ ನೀವು ನನಗೆ ಊಟ ಕೊಟ್ಟಿರಾ ಎಂದು ಕೇಳುವವರೂ ಆಗಿದ್ದಾರೆ (ಮತ್ತಾಯ 6 ಮತ್ತು 25). ಎರಡು ಮಾತುಗಳನ್ನೂ ಒಟ್ಟಿಗೆ ಓದಿದಾಗಲೇ ಪರಿಪಾಲನೆಯ ಅರ್ಥ ತೆರೆದುಕೊಳ್ಳುತ್ತದೆ. ನಮ್ಮ ಯುವಸಂಘಟನೆಗಳು, ಧರ್ಮಬೋಧನೆಯ ತರಗತಿಗಳು ಇಂತಹ ಚಿತ್ರವೊಂದನ್ನು ಒಟ್ಟಿಗೆ ನೋಡಿ, 'ಇಲ್ಲಿ ದೇವರ ಕೆಲಸವನ್ನು ಯಾರು ಮಾಡಿದರು?' ಎಂದು ಚರ್ಚಿಸುವುದು ಉತ್ತಮ. ಹಾಗೆಯೇ ನಮ್ಮ ಧರ್ಮಕೇಂದ್ರದ ವ್ಯಾಪ್ತಿಯ ಶೆಡ್ಡುಗಳಲ್ಲಿ ವಾಸಿಸುವ ಯಾದಗಿರಿ, ಶಹಾಪುರ, ಸುರಪುರ ಕಡೆಯ ಕುಟುಂಬಗಳ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಕೂಲಿ ಸರಿಯಾಗಿ ಸಿಗುತ್ತಿದೆಯೇ, ಇಲ್ಲಿ ಅವರ ಪಡಿತರಕ್ಕೆ ತೊಂದರೆಯಿದೆಯೇ ಎಂದು ವಿಚಾರಿಸೋಣ. 'ಎಲ್ಲಾ ದೇವರ ಚಿತ್ತ' ಎಂದು ಆ ತಾಯಿಗೆ ಹೇಳುವ ಮೊದಲು, ದೇವರ ಚಿತ್ತದಲ್ಲಿ ನಮ್ಮ ಪಾಲಿಗೆ ಬಂದ ಕೆಲಸವನ್ನು ಮಾಡಿ ಮುಗಿಸೋಣ.