ಕಡಜದ ವೇಷದ ನೊಣ

ಹೆಸರು ತಿಳಿಯದ ಹುಳುವನ್ನು ಕಂಡಾಗ ಮನುಷ್ಯನಲ್ಲಿ ಮೊದಲು ಹುಟ್ಟುವುದು ಕುತೂಹಲವಲ್ಲ, ಭಯ. ಭಯದ ಬೆನ್ನಿಗೇ ಕೈಗೆ ಬರುವುದು ಪೊರಕೆ. ಈ ಕಾಲದಲ್ಲಾದರೆ ಕೀಟನಾಶಕದ ಡಬ್ಬಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ವಸತಿಗಳಲ್ಲಿ ಇಂಥ ಭಯಕ್ಕೆ ಸುಲಭವಾಗಿ ಗುರಿಯಾಗುವ ಕೀಟವೊಂದಿದೆ. 2016ರ ಘನತ್ಯಾಜ್ಯ ನಿಯಮಗಳು 5,000 ಚದರ ಮೀಟರಿಗೂ ಮಿಕ್ಕ ವಸತಿ ಸಮುಚ್ಚಯಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು ವಿಧಿಸಿದವು. ಗೊಬ್ಬರದ ಡಬ್ಬ ಬಾಲ್ಕನಿಗೆ ಬಂದಿತು; ಅದರ ಹಿಂದೆಯೇ ಈ ಅತಿಥಿಯೂ ಬಂದಿತು.

ಅರ್ಧದಿಂದ ಮುಕ್ಕಾಲು ಅಂಗುಲದ ಕಪ್ಪು ಮೈ, ಉದ್ದವಾದ ಮೀಸೆ, ಸಣ್ಣಗಾದಂತೆ ತೋರುವ ನಡು. ನೋಡಿದವರು ‘ಕಡಜ!’ ಎಂದು ಮಕ್ಕಳನ್ನು ಒಳಗೆ ಕರೆಯುತ್ತಾರೆ. ತಾಳ್ಮೆಯುಳ್ಳವರು ಕೈಯಲ್ಲಿರುವ ಮೊಬೈಲಿನಿಂದ ಒಂದು ಚಿತ್ರ ತೆಗೆದು ಬಲ್ಲವರಿಗೆ ಕಳುಹಿಸುತ್ತಾರೆ. ಆ ಚಿತ್ರವೊಂದರಿಂದಲೇ ಹೆಸರು ಹೇಳಲು ಸಾಧ್ಯವೆ? ಏನನ್ನು ನೋಡಬೇಕೆಂಬುದು ತಿಳಿದಿದ್ದರೆ ಸಾಧ್ಯ.

ಮೊದಲು ಎಣಿಸಬೇಕಾದುದು ರೆಕ್ಕೆಗಳನ್ನು. ಕಡಜಕ್ಕೂ ಜೇನಿಗೂ ಎರಡು ಜೊತೆ ರೆಕ್ಕೆ. ನೊಣಕ್ಕೂ ಅದರ ದಾಯಾದಿಯಾದ ಸೊಳ್ಳೆಗೂ ಒಂದೇ ಜೊತೆ. ಹಿಂದಿನ ಜೊತೆಯ ಸ್ಥಾನದಲ್ಲಿ ನೊಣಕ್ಕಿರುವುದು ಗುಂಡುಸೂಜಿಯಂಥ ಎರಡು ಪುಟ್ಟ ಅಂಗಗಳು. ಹಾರುವಾಗ ಸಮತೋಲವನ್ನು ಕಾಯುವುದು ಅವುಗಳ ಕೆಲಸ. ಬಾಲ್ಕನಿಯ ಈ ಅತಿಥಿ ಬೆನ್ನಿನ ಮೇಲೆ ಕತ್ತರಿಯ ಅಲಗುಗಳಂತೆ ಮಡಿಸಿಕೊಂಡಿರುವುದು ಹೊಗೆಬಣ್ಣದ ಎರಡೇ ರೆಕ್ಕೆಗಳನ್ನು. ಆದರೆ ಕಡಜದ ಮುಂದಿನ ಮತ್ತು ಹಿಂದಿನ ರೆಕ್ಕೆಗಳು ಸೂಕ್ಷ್ಮವಾದ ಕೊಂಡಿಗಳಿಂದ ಒಂದಾಗಿರುವುದರಿಂದ ಚಿತ್ರದಲ್ಲಿ ಎಣಿಕೆ ತಪ್ಪುವುದುಂಟು. ಆದಕಾರಣ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು.

ಎರಡನೆಯ ಸಾಕ್ಷಿ ನಡು. ಕಡಜದ ನಡು ನಿಜವಾಗಿಯೂ ಸಣ್ಣದು. ಇದರದು ಬರಿಯ ತೋರಿಕೆ. ಉದರದ ಬುಡದಲ್ಲಿ ಗಾಜಿನ ಕಿಟಕಿಗಳಂಥ ಎರಡು ಮಚ್ಚೆಗಳಿವೆ. ಅವುಗಳ ಮೂಲಕ ಬೆಳಕು ಹಾಯುವುದರಿಂದ ನಡು ಕಿರಿದಾದಂತೆ ಭಾಸವಾಗುತ್ತದೆ. ಮೂರನೆಯದು ಕಾಲು: ಕಪ್ಪು ಕಾಲುಗಳ ತುದಿಯಲ್ಲಿ ಬಿಳಿಯ ಕಾಲುಚೀಲ ತೊಟ್ಟಂಥ ಪಾದಗಳು. ಈ ಮೂರೂ ಕೂಡಿದರೆ ಅದು ಕಪ್ಪು ಸೈನಿಕ ನೊಣ. ಇದರ ತವರು ಅಮೆರಿಕ ಖಂಡಗಳ ಉಷ್ಣಪ್ರದೇಶ; ಈಗ ಬೆಚ್ಚಗಿನ ನಾಡುಗಳಲ್ಲೆಲ್ಲ ನೆಲಸಿದೆ. ಸ್ವೀಡನ್ನಿನ ಲಿನೇಯಸ್ 1758ರಲ್ಲೇ ಇದನ್ನು ವರ್ಣಿಸಿದ್ದ. ಇಂದಿನ ಶಾಸ್ತ್ರೀಯ ನಾಮ ಹರ್ಮೇಷಿಯ ಇಲ್ಯೂಸೆನ್ಸ್.

ಹೆಸರಿಗೆ ಸೈನಿಕ, ಆಯುಧ ಒಂದೂ ಇಲ್ಲ. ಕುಟುಕುವ ಮುಳ್ಳಿಲ್ಲ, ಕಚ್ಚುವ ಬಾಯಿಯಿಲ್ಲ. ಮನೆನೊಣದಂತೆ ಊಟದ ತಟ್ಟೆಯ ಮೇಲೆ ಕುಳಿತು ಕೊಳೆಯನ್ನು ಹರಡುವ ಚಾಳಿಯೂ ಇಲ್ಲ. ಕೆಲವೇ ದಿನಗಳ ಬಾಳಿನಲ್ಲಿ ಹೆಣ್ಣು ಕೊಳೆಯುವ ಪದಾರ್ಥದ ಸಮೀಪದ ಒಣ ಬಿರುಕಿನಲ್ಲಿ ಸುಮಾರು 500 ಮೊಟ್ಟೆಗಳನ್ನಿಡುತ್ತದೆ. ನಾಲ್ಕು ದಿನಗಳಲ್ಲಿ ಹೊರಬರುವ ಮರಿಹುಳುಗಳು ತರಕಾರಿಯ ಸಿಪ್ಪೆ, ಹಳಸಿದ ಅನ್ನವನ್ನೆಲ್ಲ ಹಗಲಿರುಳೂ ಮುಕ್ಕುತ್ತವೆ. ಅವು ತುಂಬಿರುವ ಕಡೆ ಮನೆನೊಣ ಮೊಟ್ಟೆಯಿಡುವುದು ಕಡಮೆಯಾಗುತ್ತದೆಂಬುದನ್ನೂ ಕೀಟಶಾಸ್ತ್ರಜ್ಞರು ಕಂಡಿದ್ದಾರೆ. ಬಲಿತ ಹುಳುಗಳು ಕಪ್ಪಗಾಗಿ, ಕೋಶವಾಗಲು ಒಣ ಜಾಗವನ್ನರಸಿ ಡಬ್ಬವನ್ನು ಬಿಟ್ಟು ತೆವಳುತ್ತವೆ. ಗೃಹಿಣಿಯರು ಬೆಚ್ಚಿ ಬೀಳುವುದು ಆಗಲೇ.

ಎಲ್ಲ ನೊಣಗಳೂ ಚಿತ್ರಕ್ಕೆ ಇಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಮಾಂಸದ ಮೇಲೆ ಮರಿಯಿಡುವ ಬೂದು ನೊಣಗಳಲ್ಲಿ ಅನೇಕ ಜಾತಿಗಳನ್ನು ಬೇರ್ಪಡಿಸಲು ಗಂಡಿನ ಉದರದ ತುದಿಯ ಅಂಗವನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಅಂಥ ಕಡೆ ಚಿತ್ರ ನೋಡಿ ‘ಇದು ಇಂಥ ಕುಲದ್ದು’ ಎಂದಷ್ಟೇ ಹೇಳಿ ನಿಲ್ಲುವುದು ಪಂಡಿತರ ಲಕ್ಷಣ. ಮೊಬೈಲು ತಾನಾಗಿ ಸೂಚಿಸುವ ಹೆಸರೂ ಹೋಲಿಕೆಯ ಮೇಲಿನ ಊಹೆ. ಅದನ್ನು ಮೇಲಿನ ಸಾಕ್ಷಿಗಳೊಡನೆ ತಾಳೆ ನೋಡಬೇಕು. ಚಿತ್ರ ತೆಗೆಯುವವರು ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ಹೀಗೆ ಮೂರು ಚಿತ್ರಗಳನ್ನಾದರೂ ತೆಗೆಯುವುದು ಒಳ್ಳೆಯದು. ರೆಕ್ಕೆಯ ನರಗಳು ಸ್ಪಷ್ಟವಾಗಿರಲಿ. ಗಾತ್ರ ತಿಳಿಯಲು ಪಕ್ಕದಲ್ಲೊಂದು ಅಳತೆಪಟ್ಟಿಯಿರಲಿ. ದಿನಾಂಕ, ಸ್ಥಳಗಳ ಟಿಪ್ಪಣಿಯಿರಲಿ. ಇಷ್ಟಿದ್ದರೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಸ್ಥೆಗಳ ತಜ್ಞರ ಕೆಲಸವೂ ಹಗುರವಾದೀತು.

ಹೆಸರು ತಿಳಿಯದೆ ಡಬ್ಬದೊಳಕ್ಕೆ ವಿಷ ಸಿಂಪಡಿಸಿದರೆ ಸಾಯುವುದು ಈ ನೊಣವೊಂದೇ ಅಲ್ಲ; ಕಸವನ್ನು ಗೊಬ್ಬರವಾಗಿಸುವ ಇತರ ಜೀವಿಗಳೂ ಸಾಯುತ್ತವೆ. ವಿಷ ಬೆರೆತ ಆ ಗೊಬ್ಬರ ಕೊನೆಗೆ ಸೇರುವುದು ಮನೆಯ ಕೊತ್ತಂಬರಿ, ಕರಿಬೇವಿನ ಕುಂಡಗಳಿಗೆ. ಹುಳು ಹೆಚ್ಚಾಯಿತೆಂದು ಕಂಡರೆ ಒಣ ಎಲೆಯನ್ನೋ ಕೋಕೋಪೀಟನ್ನೋ ಬೆರೆಸಿ ತೇವ ತಗ್ಗಿಸಬಹುದು; ಮುಚ್ಚಳದ ಸಂದುಗಳಿಗೆ ಬಲೆ ಕಟ್ಟಬಹುದು. ಡಬ್ಬಿಯ ಗುಂಡಿಯನ್ನೊತ್ತುವ ಮುನ್ನ ರೆಕ್ಕೆ ಎಷ್ಟು, ಪಾದ ಯಾವ ಬಣ್ಣ ಎಂದು ನೋಡಲು ಅರ್ಧ ನಿಮಿಷ ಸಾಕು.